ನಿಮ್ಮನ್ನು ದೇವರಾಗಲು ಬಿಡಲಿಲ್ಲ, ಅಪ್ಪ

ಅಪ್ಪ,

‘ತೀರ್ಥರೂಪು’ ಎಂದು ಶುರು ಮಾಡುವುದಿಲ್ಲ. ಹಾಸ್ಟೆಲಿನಿಂದ ಮೊದಲ ಸಲ ಹಾಗೆ ಬರೆದಾಗ ನೀವು ಮೇಷ್ಟರ ಅಭ್ಯಾಸದಿಂದ ಆ ಪದದ ಕೆಳಗೆ ಕೆಂಪು ಗೆರೆ ಎಳೆದು ಕಾಗದವನ್ನು ನನಗೇ ವಾಪಸು ಕಳಿಸಿದ್ದಿರಿ. "ನಾನು ತೀರ್ಥವೂ ಅಲ್ಲ, ಪ್ರಸಾದವೂ ಅಲ್ಲ. ಅಪ್ಪ ಅಂತ ಬರೆದರೆ ಸಾಕು, ಕಾಗದ ತಲುಪುತ್ತೆ" ಎಂದು ಅಂಚಿನಲ್ಲಿ ಬರೆದಿದ್ದಿರಿ. ಈ ಕಾಗದ ತಲುಪುವುದಿಲ್ಲ ಎಂದು ನನಗೆ ಗೊತ್ತು. ಸತ್ತವರಿಗೆ ಕಾಗದ ಬರೆಯುವುದಕ್ಕೂ ಕಾಗೆಗೆ ಪಿಂಡ ಇಡುವುದಕ್ಕೂ ಏನು ವ್ಯತ್ಯಾಸ ಎಂದು ನೀವು ಕೇಳುತ್ತೀರಿ. ಕೇಳಿ. ನಿಮ್ಮ ಆ ಕೊಂಕು ಮಾತು ಕೇಳದೆ ಬಹಳ ಕಾಲವಾಯಿತು.

ಸೊಲ್ಲಾಪುರದ ಆಸ್ಪತ್ರೆಯಲ್ಲಿ ನಿಮ್ಮ ಮಂಚದ ಪಕ್ಕ ಕೂತಿದ್ದ ಆ ಮಧ್ಯಾಹ್ನ ನೆನಪಿದೆಯೇ? ಉಸಿರು ಕಟ್ಟುತ್ತಿತ್ತು, ಆದರೆ ಸಿಟ್ಟು ಮಾತ್ರ ಇಳಿದಿರಲಿಲ್ಲ. ನನ್ನ ಕೈ ಎಳೆದುಕೊಂಡು ಹೇಳಿದಿರಿ: "ವಿಮಲಾ, ನಾನು ಹೋದ ಮೇಲೆ ನನ್ನ ಹೆಸರಲ್ಲಿ ಒಂದು ಊದುಬತ್ತಿ ಹಚ್ಚಕೂಡದು. ಬೇರೆ ಯಾರಿಗೂ ಹಚ್ಚೋಕೆ ಬಿಡಕೂಡದು." ನಾನು ಆಗಲಿ ಎಂದೆ. ಮೊದಲನೆಯದಕ್ಕೆ ಏನು ಕಷ್ಟ? ನಾನು ಹಚ್ಚದಿದ್ದರಾಯಿತು. ಎರಡನೆಯ ಮಾತು ಇದೆಯಲ್ಲ, ಅದನ್ನು ಅಕ್ಕಲಕೋಟದಂಥ ಊರಿನಲ್ಲಿ ಒಂಟಿ ಹೆಂಗಸಿನ ತಲೆಗೆ ಕಟ್ಟಿ ಹೋಗುವುದು ಅಂದರೆ... ನಿಮಗೆ ಅದರ ಭಾರ ಗೊತ್ತಿತ್ತು. ಗೊತ್ತಿದ್ದೇ ಕಟ್ಟಿದಿರಿ. ಹೋದ ವಾರದ ಗುರುವಾರ ಆ ಮಾತಿನ ವಿಷಯ ಇತ್ಯರ್ಥವಾಯಿತು. ಹೇಗೆ ಆಯಿತು ಎಂದು ಹೇಳುವುದಕ್ಕೇ ಈ ಕಾಗದ.

ನಾವು ಮೊದಲ ಸಲ ಈ ಕಡೆ ಬಂದ ಬೆಳಿಗ್ಗೆ ಸೊಲ್ಲಾಪುರದ ಗಿರಣಿಯ ಭೋಂಗಾ ಕೂಗುತ್ತಿತ್ತು. ಹರಿಹರದಿಂದ ರೈಲು ಬದಲಿಸಿ ಬದಲಿಸಿ ನಮ್ಮ ಸೊಂಟ ಬಿದ್ದುಹೋಗಿತ್ತು. ಅಮ್ಮ ಹೋದ ಮೇಲೆ ನಿಮ್ಮನ್ನು ಒಬ್ಬರನ್ನೇ ಬಿಟ್ಟು ಬರಲು ನನಗೆ ಮನಸ್ಸಿರಲಿಲ್ಲ, ಮದುವೆಯಾಗದ ಮಗಳನ್ನು ಪರರಾಜ್ಯಕ್ಕೆ ಒಬ್ಬಳೇ ಕಳಿಸಲು ನಿಮಗೆ ಮನಸ್ಸಿರಲಿಲ್ಲ. ಅಕ್ಕಲಕೋಟದ ಕನ್ನಡ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿದ್ದೇ ನೆಪ, ಇಬ್ಬರೂ ‘ನಿನಗೋಸ್ಕರ’ ‘ನಿಮಗೋಸ್ಕರ’ ಅನ್ನುತ್ತ ಗಂಟು ಕಟ್ಟಿದೆವು. ಎಸ್.ಟಿ. ಬಸ್ಸಿನಲ್ಲಿ ಕಂಡಕ್ಟರು ಮರಾಠಿಯಲ್ಲಿ "ದರ್ಶನಾಲಾ?" ಎಂದು ಕೇಳಿದ. ಬಸ್ಸಿನ ತುಂಬ ಅಕ್ಕಲಕೋಟದ ಸ್ವಾಮಿಗಳ ಮಠಕ್ಕೆ ಹೊರಟವರೇ. ನೀವು ಟ್ರಂಕಿನ ಮೇಲೆ ಕೈಯಿಟ್ಟು, "ಅಲ್ಲಪ್ಪಾ, ಬಾಡಿಗೆ ಮನೆಗೆ" ಎಂದು ಕನ್ನಡದಲ್ಲಿ ಉತ್ತರ ಕೊಟ್ಟಿರಿ. ಅವನಿಗೆ ಏನು ತಿಳಿಯಿತೋ, ನಿಮಗೆ ಕೈ ಮುಗಿದು ಚೀಟಿ ಹರಿದು ಕೊಟ್ಟ. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಸಿದ್ರಾಮಪ್ಪ ಸಾವಕಾರರ ವಾಡೆಯಲ್ಲಿ ಎರಡು ಕೋಣೆ ಹಿಡಿದ ದಿನ ಅವರ ಹೆಂಡತಿ ನೀಲಕ್ಕ ನೀರಿನ ಕೊಡ ತಂದಿಟ್ಟು ಕೇಳಿದ ಮೊದಲ ಪ್ರಶ್ನೆ ನಮ್ಮ ಹೆಸರಲ್ಲ, ಊರಲ್ಲ. "ನಿಮ್ಮ ಮನಿ ದೇವ್ರು ಯಾವುದ್ರಿ?" ನೀವು ತಲೆ ಎತ್ತದೆ, "ನಮ್ಮ ಮನೆಗೆ ಇನ್ನೂ ಯಾರೂ ಬಂದಿಲ್ಲ ತಾಯಿ, ಖಾಲಿ ಇದೆ" ಎಂದಿರಿ. ಪಾಪ, ಆಕೆಯ ಮುಖ ನೋಡಬೇಕಿತ್ತು! ಇಲ್ಲಿ ದೇವರೆಂದರೆ ವಿಳಾಸವಿದ್ದ ಹಾಗೆ. ಇಲ್ಲದವರನ್ನು ಎಲ್ಲಿ ಕೂರಿಸಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಗೋಡೆಯಲ್ಲಿ ದೇವರಿಗೆಂದೇ ಮಾಡಿದ್ದ ಗೂಡಿನಲ್ಲಿ ನೀವು ಕನ್ನಡಿ, ಬ್ರಷ್ಷು, ಕ್ಷೌರದ ಬಟ್ಟಲು ಇಟ್ಟುಕೊಂಡಿರಿ, ಬೆಳಕು ಅಲ್ಲಿಯೇ ಚೆನ್ನಾಗಿ ಬೀಳುತ್ತದೆಂದು. ಅದನ್ನು ನೋಡಿ ನೀಲಕ್ಕ ಬೈಯಲಿಲ್ಲ, ಕಣ್ಣಲ್ಲಿ ನೀರು ತಂದುಕೊಂಡರು. ಯಾರ ವಾದಕ್ಕೂ ಸೋಲದ ನೀವು ಆ ಕಣ್ಣೀರಿಗೆ ಸೋತು ಸಾಮಾನನ್ನೆಲ್ಲ ಟ್ರಂಕಿಗೆ ಹಾಕಿದಿರಿ. ಕತ್ತಲೆ ಕೋಣೆಯಲ್ಲಿ ಕೆನ್ನೆ ಕೊಯ್ದುಕೊಳ್ಳುವುದಕ್ಕಿಂತ ಗಡ್ಡವೇ ಮೇಲು ಎಂದು ಬಿಟ್ಟಿರಿ. ಆ ಗಡ್ಡ ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸಿತು ನೋಡಿ.

ಗುರುವಾರ ಸಂಜೆ ಪಾಲಖಿ ಉತ್ಸವದ ಹೊತ್ತಿಗೆ ಊರಿಗೆ ಊರೇ ಮಠದ ಕಡೆ ಹೊರಟರೆ ನೀವೊಬ್ಬರು ಎದುರು ದಿಕ್ಕಿಗೆ, ಎಸ್.ಟಿ. ಸ್ಟ್ಯಾಂಡಿನ ಕಡೆ ತಿರುಗಾಡಲು ಹೋಗುತ್ತಿದ್ದಿರಿ. ಹಟ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎನ್ನುತ್ತಾರೆ, ನಾನು ಬಂದೆ. ನೀಲಕ್ಕನ ಜೊತೆ ಮಠದ ಬಾಗಿಲತನಕ ಹೋದೆ, ಶ್ರಾವಣದಲ್ಲಿ ಉಪವಾಸದವರ ಜೊತೆ ಸಾಬೂದಾಣಿ ತಿಂದೆ, ಶಾಲೆಯಲ್ಲಿ ‘ಬಾಯಾರ, ಬಾಯಾರ’ ಎನ್ನುತ್ತ ಮಕ್ಕಳು ಹಣೆಗೆ ವಿಭೂತಿ ಹಚ್ಚಲು ಬಂದರೆ ತಲೆ ಬಗ್ಗಿಸಿದೆ. ನೀವು ಏನೂ ಅನ್ನಲಿಲ್ಲ. "ನಿನ್ನ ಹಣೆ, ನಿನ್ನಿಷ್ಟ" ಎಂದಿರಿ ಅಷ್ಟೇ. ನಾನು ನಂಬುತ್ತೇನೋ ಇಲ್ಲವೋ ಎಂದು ಒಮ್ಮೆಯೂ ಕೇಳಲಿಲ್ಲವಲ್ಲ, ಯಾಕೆ? ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೂ ಗೊತ್ತಿಲ್ಲ.

ಮನೆಯ ಮುಂದೆ ಬೇವಿನ ಮರದ ಕೆಳಗೆ ಶಹಾಬಾದ ಕಲ್ಲು ಹಾಸಿದ ಆ ಕಟ್ಟೆ ಸಾವಕಾರರ ಅಜ್ಜನ ಕಾಲದ್ದು. ಅಡತಿ ಅಂಗಡಿ ಮುಚ್ಚಿ ಬಂದು ಅವರು ಒಂದು ತುದಿಗೆ, ನೀವು ಇನ್ನೊಂದು ತುದಿಗೆ. ಕಾಳಿನ ವ್ಯಾಪಾರಿಯಾದ ಅವರಿಗೆ ಎಲ್ಲ ಉದಾಹರಣೆಯೂ ಕಾಳಿನದೇ. "ಮಾಸ್ತರ, ದೇವ್ರಿಲ್ಲಂದ್ರ ಈ ಜ್ವಾಳದಾಗ ರುಚಿ ಯಾರ ಇಟ್ಟಾರ?" ಎನ್ನುತ್ತಿದ್ದರು. "ಅದೇ ಜೋಳಕ್ಕೆ ಹುಳ ಯಾರು ಬಿಟ್ಟದ್ದು?" ಎಂದು ನೀವು. "ಅದೂ ಅವನ ಬಿಟ್ಟಾನ. ಹುಳಕ್ಕೂ ಹಸಿವಿ ಇರ್ತದಲ್ರಿ!" ಹೀಗೇ ಕತ್ತಲಾಗುವತನಕ. ಹಾಡಿದ್ದೇ ಹಾಡು. ನೀಲಕ್ಕ ಒಳಗಿನಿಂದ ಊಟಕ್ಕೆ ಕರೆದು ಕರೆದು ಸಾಕಾಗಿ, "ಇವ್ರಿಬ್ಬರಿಗೂ ದೇವ್ರ ಬ್ಯಾಡ, ಜಗಳ ಬೇಕು" ಎಂದು ತಾಟು ಮುಚ್ಚಿಡುತ್ತಿದ್ದರು. ಹರಿಹರದಲ್ಲಿ ಅಷ್ಟು ವರ್ಷ ಬಾಳಿದಿರಿ, ಅಪ್ಪ, ಅಲ್ಲಿ ನಿಮಗೆ ಒಬ್ಬನೇ ಒಬ್ಬ ಗೆಳೆಯನನ್ನು ನಾನು ನೋಡಿರಲಿಲ್ಲ.

ತಡವಳದ ಕಲ್ಲವ್ವ ಕೂಸನ್ನು ಎತ್ತಿಕೊಂಡು ಕಟ್ಟೆಗೆ ಬಂದ ಆ ಗುರುವಾರ ನಾನು ಬಾಗಿಲಲ್ಲೇ ಇದ್ದೆ. ವಾಂತಿ ಭೇದಿಯಾಗಿ ಕೂಸಿನ ಕಣ್ಣು ಗುಳಿ ಬಿದ್ದಿದ್ದವು. ಮಠದ ದಾರಿ ಕೇಳಲು ನಿಂತವಳಿಗೆ ಎದೆಗಿಳಿದ ಬಿಳಿ ಗಡ್ಡದ, ಬರಿಮೈಯ ಮುದುಕ ಕಂಡ. ನೆಟ್ಟಗೆ ಬಂದು ಕೂಸನ್ನು ನಿಮ್ಮ ಕಾಲ ಮೇಲೆ ಹಾಕಿಬಿಟ್ಟಳು. ನಿಮಗೆ ಮೈಯೆಲ್ಲ ಉರಿಯಿತು. "ಬುದ್ಧಿ ಇದೆಯಾ ನಿನಗೆ? ನನ್ನ ಕಾಲಲ್ಲಿ ಏನು ಔಷಧಿ ಇದೆಯಾ? ಏಳು, ಎದ್ದು ಸೊಲ್ಲಾಪುರದ ಆಸ್ಪತ್ರೆಗೆ ಹೋಗು! ಇಲ್ಲಿ ಕೂತರೆ ಕೂಸು ಸಾಯುತ್ತೆ, ನಡಿ!" ಎಂದು ಕೋಲು ಎತ್ತಿದಿರಿ. ಬೇರೆ ಯಾವ ಊರಲ್ಲಾದರೂ ಇದು ಬೈಗುಳ. ಇಲ್ಲಿಯ ಸ್ವಾಮಿಗಳು ಬದುಕಿದ್ದಾಗ ಬಂದವರನ್ನು ಬೈದು ಅಟ್ಟುತ್ತಿದ್ದರಂತೆ, ಬೈಸಿಕೊಂಡವನೇ ಪುಣ್ಯವಂತ ಎಂದು ಊರಿನ ನಂಬಿಕೆ. ಕಲ್ಲವ್ವ ಅದನ್ನು ಅಪ್ಪಣೆಯೆಂದು ತಿಳಿದು ನಿಂತ ಕಾಲಲ್ಲೇ ಬಸ್ಸು ಹತ್ತಿದಳು. ಕೂಸು ಉಳಿಯಿತು. ಉಳಿಸಿದ್ದು ಡಾಕ್ಟರೇ, ನನಗೂ ಗೊತ್ತು. ಆದರೆ ಡಾಕ್ಟರ ಕಡೆಗೆ ಆ ತಾಯಿಯನ್ನು ಓಡಿಸಿದ್ದು...

ಮರುತಿಂಗಳು ಅವಳು ತೆಂಗಿನಕಾಯಿ, ಹೂವು ಹಿಡಿದು ಬಂದು, "ನೀವು ಬೈದ್ರಿ ಅಂತನ ನನ್ನ ಕೂಸು ಉಳೀತ್ರಿ, ಮಾರಾಜ" ಎಂದಾಗ ನಿಮ್ಮ ಮುಖ ಕೆಂಪಾಯಿತು. ನೀವು ಇನ್ನೂ ಜೋರಾಗಿ ಬೈದಿರಿ. ಅವಳು ಇನ್ನೂ ಸಂತೋಷಪಟ್ಟಳು! ಮುಂದಿನ ವಾರ ಅವಳ ಊರಿನವರು, ಅದರ ಮುಂದಿನ ವಾರ ಚಪಳಗಾಂವದವರು. ಸಾವಕಾರರು ಕಟ್ಟೆಯ ತುದಿಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು: "ಬೈರಿ ಮಾಸ್ತರ, ಬೈರಿ. ನೀವು ಬೈದಷ್ಟೂ ಪಾಳಿ ಉದ್ದ ಆಗಾಕತ್ತದ." ನೀವು ಅಂದೇ ಹಜಾಮನನ್ನು ಕರೆಸಿ ಗಡ್ಡ ಬೋಳಿಸಿದಿರಿ. ಕಲ್ಲವ್ವ ನುಣ್ಣನೆಯ ಕೆನ್ನೆ ನೋಡಿ ಏನೆಂದಳು ಗೊತ್ತೇ? "ಮಾರಾಜ್ರು ರೂಪ ಬದಲಿ ಮಾಡ್ಯಾರ." ಅವತ್ತು ಮಾತ್ರ ನೀವು ಬೈಯಲಿಲ್ಲ. ಒಳಗೆ ಬಂದು ಚಾಪೆಯ ಮೇಲೆ ಕೂತು, "ಇವರ ಕೈಯಿಂದ ತಪ್ಪಿಸಿಕೊಳ್ಳೋದು ಕಷ್ಟ ಕಣೇ" ಎಂದಿರಿ. ನಾನು ನಕ್ಕೆ. ನಿಮ್ಮ ದನಿಯಲ್ಲಿ ನಗು ಇರಲಿಲ್ಲ.

ನಿಮ್ಮ ಚಿತೆಗೆ ನಾನೇ ಬೆಂಕಿ ಇಟ್ಟೆ. ಮಂತ್ರವಿಲ್ಲ, ಮಡಕೆಯಿಲ್ಲ. "ಹೆಣ್ಮಗಳು ಸುಡುಗಾಡಿಗಿ ಬರೂದ್ ಬ್ಯಾಡವ್ವ" ಎಂದು ಸಾವಕಾರರು ಬಾಗಿಲಲ್ಲಿ ಅಡ್ಡ ನಿಂತರು, ನಾನು ಕೇಳದಿದ್ದಾಗ ಮುಂದೆ ಮುಂದೆ ನಡೆದು ಮಂದಿಯನ್ನು ಸರಿಸಿ ದಾರಿ ಮಾಡಿದರು. ಅವರ ಮಂದಿಯಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಬೆಂಕಿ ಹತ್ತಿದಾಗ ಅವರು ಆ ಕಡೆ ಮುಖ ತಿರುಗಿಸಿದ್ದನ್ನು ನೋಡಿದೆ. ಹತ್ತನೆಯ ದಿನ, ಹದಿಮೂರನೆಯ ದಿನ ಎಂದು ಓಣಿಯವರು ಬಂದು ಹೇಳಿದರು, ಹೆದರಿಸಿದರು, ಅತ್ತರು. ನಾನು ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ: ಅಪ್ಪನಿಗೆ ಮಾತು ಕೊಟ್ಟಿದ್ದೇನೆ. ಮಾತು ಎಂದರೆ ಇಲ್ಲಿಯವರಿಗೆ ಅರ್ಥವಾಗುತ್ತದೆ, ಹರಕೆ ಹೊತ್ತವರ ಊರಲ್ಲವೇ? ಗೊಣಗುತ್ತಲೇ ಬಿಟ್ಟರು. ಎಲ್ಲ ಮುಗಿಯಿತು ಎಂದುಕೊಂಡೆ.

ನೀವು ಹೋದ ತಿಂಗಳೇ ಒಂದು ಗುರುವಾರ ಬೆಳಿಗ್ಗೆ ಶಾಲೆಗೆ ಹೊರಟವಳು ಕಟ್ಟೆಯ ಮುಂದೆ ನಿಂತುಬಿಟ್ಟೆ. ನೀವು ಕೂರುತ್ತಿದ್ದ ಮೂಲೆಯಲ್ಲಿ ಕುಂಕುಮ, ಎರಡು ಚೆಂಡುಹೂವು, ಹೊಗೆಯಾಡುವ ಊದುಬತ್ತಿ. ಒಳಗಿನಿಂದ ಪೊರಕೆ ತಂದು ಗುಡಿಸಿದೆ. ಮುಂದಿನ ಗುರುವಾರ ಮತ್ತೆ. ನಾನು ಗುಡಿಸಿದಷ್ಟೂ ಹೂವು ಹೆಚ್ಚಾಯಿತು. ಕಳೆದ ಎತ್ತು ಸಿಕ್ಕಿತಂತೆ, ಯಾರದೋ ಮಗಳಿಗೆ ಗಂಡು ಒಪ್ಪಿತಂತೆ, ಎಲ್ಲ ಬೈಯುವ ಮಹಾರಾಜರ ಕೃಪೆ. ಶಾಲೆಯ ಕಮಿಟಿಯ ಹಿರಿಯರು ಕರೆಸಿ, "ಬಾಯಾರ, ಮಂದಿ ಭಾವನಾ ಅದ, ಪೊರಕಿ ಹಚ್ಚಬ್ಯಾಡ್ರಿ" ಎಂದು ಬುದ್ಧಿ ಹೇಳಿದರು. ಹರಿಹರದಿಂದ ಸೋದರಮಾವ, ಆ ದೇವರ ಹುಚ್ಚಿನ ಊರು ಬಿಟ್ಟು ಬಾ, ಇಲ್ಲಿಯ ಶಾಲೆಯಲ್ಲಿ ಜಾಗ ಖಾಲಿ ಇದೆ ಎಂದು ಬರೆದರು. ನಾನು ಹೋದರೆ ಗುಡಿಸುವವರು ಯಾರು? ನಾನು ಬಸ್ಸು ಹತ್ತಿದ ಮರುದಿನವೇ ನಿಮಗೆ ಗುಡಿ ಏಳುತ್ತಿತ್ತು, ಅಪ್ಪ, ಖಂಡಿತ ಏಳುತ್ತಿತ್ತು.

ಒಂದು ಬೆಳಿಗ್ಗೆಯ ಮಾತು ಹೇಳಲೇಬೇಕು. ಚಳಿಗಾಲ, ಇನ್ನೂ ಮಂಜು ಇಳಿದಿತ್ತು. ನಿಮ್ಮ ಮೂಲೆಯಲ್ಲಿ ಯಾರೋ ಒಂದು ಹೊಸ ಕೋಲು ಇಟ್ಟು ಹೋಗಿದ್ದರು, ಹಿಡಿಗೆ ಬಟ್ಟೆ ಸುತ್ತಿ, ನಿಮ್ಮ ಹಳೆಯ ಕೋಲಿನ ಹಾಗೆಯೇ. ಪೊರಕೆ ಹಿಡಿದ ಕೈ ಮೇಲೇಳಲಿಲ್ಲ. ಈ ಊರಲ್ಲಿ ನಿಮ್ಮನ್ನು ನೆನೆಯುವವರು ಇನ್ನೂ ಇದ್ದಾರೆ, ನಿಮ್ಮ ಕೋಲಿಗೆ ಬಟ್ಟೆ ಸುತ್ತಿತ್ತೆಂಬುದು ಕೂಡ ಅವರಿಗೆ ನೆನಪಿದೆ, ನಾನು ಅದನ್ನೂ ಕಸದ ಜೊತೆ ಗುಡಿಸಬೇಕೇ? ಎಷ್ಟು ಸಿಟ್ಟು ಬಂತು ಗೊತ್ತೇ ನಿಮ್ಮ ಮೇಲೆ! ಬೇರೆ ಹೆಣ್ಣುಮಕ್ಕಳು ಅಪ್ಪನ ಫೋಟೋಕ್ಕೆ ಹೂವು ಹಾಕಿ ಅತ್ತು ಹಗುರಾಗುತ್ತಾರೆ. ನೀವು ನನ್ನ ಕೈಗೆ ಕೊಟ್ಟು ಹೋದದ್ದು ಪೊರಕೆ. ಕೊನೆಗೆ ಗುಡಿಸಿದೆ. ಆ ದಿನ ಶಾಲೆಯಲ್ಲಿ ಮಕ್ಕಳಿಗೆ ಏನು ಪಾಠ ಮಾಡಿದೆನೋ ನೆನಪಿಲ್ಲ.

ಹೋದ ವಾರ ವಾಗದರಿಯ ಒಬ್ಬ ಪಾಟೀಲರು ಸಾವಕಾರರ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದಾಗ ನನ್ನನ್ನು ಕರೆದರು. ದೊಡ್ಡ ಒಕ್ಕಲುತನದ ಮನೆ, ಒಳ್ಳೆಯ ಮನುಷ್ಯ. ಬಹಳ ದಿನ ಮಕ್ಕಳಿಲ್ಲದೆ ಈಗ ಸೊಸೆ ಬಸುರಿಯಂತೆ. ಸೊಲ್ಲಾಪುರದಲ್ಲಿ ಕಲ್ಲಿನ ಪಾದುಕೆ ಕೊರೆಸಿದ್ದಾರಂತೆ, ಗುರುವಾರ ತಂದು ಕಟ್ಟೆಯ ಮೇಲೆ ಕೂರಿಸುತ್ತಾರಂತೆ. "ನಿಮ್ಮಪ್ಪ ನಿಮಗಷ್ಟ ಅಪ್ಪ ಅಲ್ರಿ ಬಾಯಾರ, ನಮಗೂ ಅಪ್ಪ" ಎಂದರು ಕೈ ಮುಗಿದು. ನಾನು ಸಾವಕಾರರ ಮುಖ ನೋಡಿದೆ. ಅವರು ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಳ್ಳುತ್ತ ತಲೆ ಎತ್ತಲಿಲ್ಲ. ಅವರಿಗೆ ಇಷ್ಟವಿತ್ತು, ಅಪ್ಪ. ಮನೆ ಮುಂದೆ ಜಾಗೃತ ಸ್ಥಾನ ಆಗುತ್ತದೆಂದರೆ ಈ ಊರಿನ ಯಾವ ವ್ಯಾಪಾರಿಗೆ ಇಷ್ಟವಿರುವುದಿಲ್ಲ?

ಪಾಟೀಲರು ಹೋದ ಮೇಲೆ ಸಾವಕಾರರೇ ಮಾತು ತೆಗೆದರು. "ಮಂದಿ ನಂಬ್ಯಾರವ್ವ. ನಂಬಲಿ ಬಿಡು. ನಿನಗೇನ್ ತ್ರಾಸ?"

"ತ್ರಾಸು ನನಗಲ್ಲ. ಅಪ್ಪ ಬೇಡ ಅಂದಿದ್ದರು."

"ತನಗ ಬ್ಯಾಡ ಅಂದ್ರು. ಮಂದಿಗಿ ಬ್ಯಾಡ ಅನ್ನಾಕ ಬರ್ತದೇನು?"

ನೀವಾಗಿದ್ದರೆ ಏನಾದರೂ ಚುಚ್ಚುತ್ತಿದ್ದಿರಿ. ನಾನು ಆಸ್ಪತ್ರೆಯ ಆ ಮಧ್ಯಾಹ್ನವನ್ನು ಹೇಳಿದೆ, ನಿಮ್ಮ ಎರಡು ಮಾತನ್ನೂ ಹೇಳಿದೆ. "ಕಟ್ಟೆ ನಿಮ್ಮದು. ನಾನು ತಡೆಯುವುದಕ್ಕೆ ಬರುವುದಿಲ್ಲ. ಆದರೆ ಪಾದುಕೆ ಕೂತ ದಿನ ನಾನು ಈ ಮನೆಯಲ್ಲಿರುವುದಿಲ್ಲ" ಎಂದೆ. ಸಾವಕಾರರು ಬಸಿಯನ್ನು ಕೆಳಗಿಟ್ಟರು. "ಇಷ್ಟ ವರ್ಷದಾಗ ಮಾಸ್ತರ ಒಮ್ಮೆರ ನನಗ ಹೌದು ಅಂದ್ರೇನ್?" ಎಂದು ಕೇಳಿದರು. ಇಲ್ಲ ಎಂದೆ. "ಸಾಯೂ ಮುಂದೂ ಅನ್ಲಿಲ್ಲ. ಭಾಳ ಗಟ್ಟಿ ಇದ್ರು" ಎಂದು ಎದ್ದು ಒಳಗೆ ಹೋದರು. ನಾನು ನನ್ನ ಟ್ರಂಕನ್ನು ಕೆಳಗಿಳಿಸಿ ಬಟ್ಟೆ ಮಡಿಚತೊಡಗಿದೆ.

ಗುರುವಾರ ಬೆಳಿಗ್ಗೆ ಎದ್ದದ್ದು ಹಾರೆಯ ಸದ್ದಿಗೆ. ಹೊರಗೆ ಬಂದು ನೋಡಿದರೆ ಇಬ್ಬರು ಹಮಾಲರನ್ನು ಹಿಡಿದುಕೊಂಡು ಸಾವಕಾರರೇ ನಿಂತು ಕಟ್ಟೆ ಒಡೆಸುತ್ತಿದ್ದರು. ಅವರಜ್ಜ ಕಟ್ಟಿಸಿದ ಕಟ್ಟೆ, ಅಪ್ಪ! ಅವರ ಮೈಮೇಲೆ ಆಗಲೇ ಸ್ನಾನ ಮಾಡಿದ ಹಸಿ ಧೋತರ, ಹಣೆಯ ಮೇಲೆ ವಿಭೂತಿ. ನೀಲಕ್ಕ ಬಾಗಿಲಲ್ಲಿ ನಿಂತು, "ಕುಂಕುಮ ಬಿದ್ದ ಜಾಗಾರಿ ಅದು, ಪಾಪ ಹತ್ತತದ" ಎಂದು ಅಳುತ್ತಿದ್ದರು. "ಮಠಕ್ಕ ಹೋಗಿ ಮೊದಲ ಹೇಳಿ ಬಂದೀನಿ. ತಪ್ಪಿದ್ರ ನನ್ನ ತಲೀಗಿ ಅಂದೀನಿ" ಎಂದರು ಸಾವಕಾರರು. ಹಮಾಲ ಈ ಕಲ್ಲು ಎಲ್ಲಿಡಲಿ ಎಂದು ಕೇಳಿದ. "ಬಚ್ಚಲಕ್ಕ ಹಾಸು. ಅಲ್ಲೆ ಯಾವ ಮಗಾ ಊದಿನಕಡ್ಡಿ ಹಚ್ತಾನ ನೋಡೂಣು" ಎಂದರು. ನೀವು ಕೂತಿದ್ದ ಕಲ್ಲಿನ ಮೇಲೆ ಈಗ ನಾವೆಲ್ಲ ಮೈ ತೊಳೆಯುತ್ತೇವೆ. ನಿಮಗೆ ಇದಕ್ಕಿಂತ ಒಳ್ಳೆಯ ಸಮಾಧಿ ಬೇಕಿತ್ತೇ?

ಪಾಟೀಲರ ಜೀಪು ಬಂದು ನಿಂತಾಗ ಕಟ್ಟೆಯಿದ್ದಲ್ಲಿ ಹಸಿ ಮಣ್ಣು ಮಾತ್ರ ಇತ್ತು. ಪಾದುಕೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದರು ಪಾಪ, ಕೂಸನ್ನು ಇಟ್ಟುಕೊಂಡ ಹಾಗೆ. "ಏನ್ ಮಾಡಿದ್ರಿ ಸಾವ್ಕಾರ್ರ, ದೇವರಂಥಾವ್ರ ಜಾಗಾ..." ಎಂದು ಅವರ ಮಾತು ಅಲ್ಲಿಗೇ ನಿಂತಿತು. ಸಾವಕಾರರ ಧೋತರದ ತುಂಬ ಕೆಂಪು ಮಣ್ಣು. ಅವರು ಹೇಳಿದ್ದನ್ನು ನಾನು ಅಕ್ಷರ ಬಿಡದೆ ಬರೆಯುತ್ತೇನೆ: "ಪಾಟೀಲರ, ಪಾದುಕಿ ಕುಂತ್ರ ನಾ ಅವ್ರಿಗಿ ಕೈ ಮುಗೀಬೇಕಾಗ್ತದ. ಕೈ ಮುಗದ ಮ್ಯಾಲ ಜಗಳ ಹೆಂಗ ಆಡ್ಲಿ? ದೇವ್ರು ನನಗ ಬೇಕಾದಷ್ಟು ಮಂದಿ ಅದಾರ. ದೋಸ್ತ ಒಬ್ಬನ ಇದ್ದ." ಪಾಟೀಲರು ಅವರ ಹೆಗಲ ಮೇಲೆ ಒಮ್ಮೆ ಕೈಯಿಟ್ಟು, ಪಾದುಕೆಯ ಗಂಟಿನೊಂದಿಗೆ ಜೀಪು ಹತ್ತಿದರು. ಆ ಪಾದುಕೆಯನ್ನು ವಾಗದರಿಯ ತಮ್ಮ ಹೊಲದಲ್ಲೇ ಎಲ್ಲಾದರೂ ಕೂರಿಸಿಕೊಂಡಿದ್ದರೆ ಅದಕ್ಕೆ ಮಾತ್ರ ನಾನು ಹೊಣೆಯಲ್ಲ, ಈಗಲೇ ಹೇಳಿಬಿಡುತ್ತೇನೆ.

ಆ ಸಂಜೆ ಸಾವಕಾರರು ಅಂಗಡಿ ಮುಚ್ಚಿ ಬಂದು ಅಭ್ಯಾಸಬಲದಿಂದ ಬೇವಿನ ಮರದ ಕೆಳಗೆ ನಿಂತರು. ಕೂರಲು ಜಾಗವಿಲ್ಲ. ಒಂದು ಗಳಿಗೆ ಆ ಮಣ್ಣನ್ನೇ ನೋಡಿ ಒಳಗೆ ಹೋದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಟ್ರಂಕಿನ ಬಟ್ಟೆಯನ್ನೆಲ್ಲ ಹೊರಗೆ ತೆಗೆದು ಗೂಟಕ್ಕೆ ಹಾಕಿದೆ. ಸೋದರಮಾವನಿಗೆ ಬರುವುದಿಲ್ಲ ಎಂದು ಬರೆದೆ. ನಾವು ಬಿಟ್ಟು ಬಂದಾಗ ಅದು ಮೈಸೂರು ರಾಜ್ಯ, ಈಗ ಅದರ ಹೆಸರು ಕರ್ನಾಟಕ. ಹೆಸರು ಕೇಳಿದರೆ ಹಿಗ್ಗಾಗುತ್ತದೆ. ಆದರೂ ನಿಮ್ಮ ಮಾತಿಗಾಗಿ ತನ್ನ ಮನೆಯ ಕಟ್ಟೆ ಒಡೆಸಿಕೊಂಡವರು ಇರುವುದು ಈ ಊರಲ್ಲಿ. ಇದನ್ನು ಬಿಟ್ಟು ಎಲ್ಲಿಗೆ ಹೋಗಲಿ?

ನಿನ್ನೆಯ ಗುರುವಾರ ಮಧ್ಯಾಹ್ನದ ಬಸ್ಸಿಗೆ ಕಲ್ಲವ್ವ ಬಂದಳು. ಶಾಲೆಗೆ ರಜೆ, ನಾನು ಮನೆಯಲ್ಲೇ ಇದ್ದೆ. ಕಟ್ಟೆ ಒಡೆದದ್ದು ಅವಳಿಗೆ ಗೊತ್ತಿರಲಿಲ್ಲ. ಕೈಯಲ್ಲಿ ಬಟ್ಟೆಯ ಗಂಟು, ಸೆರಗಿನಲ್ಲಿ ಹೂವು. ಕಟ್ಟೆ ಇಲ್ಲದ ಜಾಗದಲ್ಲಿ ಸುತ್ತ ಸುತ್ತ ನೋಡಿ, ನನ್ನ ಬಾಗಿಲಿಗೆ ಬಂದು, "ಮಾರಾಜ್ರನ್ನ ಎಲ್ಲಿ ಒಯ್ದ್ರಿ?" ಎಂದು ಕೇಳಿದಳು. ಸಿಟ್ಟಿರಲಿಲ್ಲ, ಹೆದರಿಕೆ ಇತ್ತು.

"ಅವರು ಮಹಾರಾಜರಲ್ಲ ಕಲ್ಲವ್ವ" ಎಂದೆ. "ದೇವರೂ ಅಲ್ಲ, ಸ್ವಾಮಿಗಳೂ ಅಲ್ಲ."

"ಮತ್ತ ಯಾರ್ರಿ?"

"ನಮ್ಮಪ್ಪ."

ಅಷ್ಟೇ, ಮುಂದೆ ಹೇಳಲು ಆಗಲಿಲ್ಲ. ಆಸ್ಪತ್ರೆಯಲ್ಲಿ ಅಳದವಳು, ಸುಡುಗಾಡಿನಲ್ಲಿ ಅಳದವಳು, ಇಷ್ಟು ದಿನ ನಿಮ್ಮ ಕಾವಲುಗಾರ್ತಿಯಾಗಿ ಪೊರಕೆ ಹಿಡಿದು ನಿಂತವಳು ಹೊಸ್ತಿಲ ಮೇಲೆ ಕುಸಿದು ಕೂತು ಅತ್ತೆ. ದನಿ ತೆಗೆದು ಅತ್ತೆ. ಕಲ್ಲವ್ವ ಗಾಬರಿಯಾಗಲಿಲ್ಲ. ಹೂವನ್ನು ಅಲ್ಲೇ ಗೋಡೆಯ ಬದಿಗೆ ಇಟ್ಟು, ಪಕ್ಕದಲ್ಲಿ ಕೂತು, ಬೆನ್ನ ಮೇಲೆ ಕೈಯಾಡಿಸಿದಳು. ಆಮೇಲೆ ಗಂಟು ಬಿಚ್ಚಿದಳು. ನೈವೇದ್ಯಕ್ಕೆಂದು ತಂದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. "ಇದು ಇನ್ನ ನೈವೇದ್ಯ ಅಲ್ರಿ" ಎಂದಳು. "ಸತ್ತ ಮನಿಗಿ ತಂದ ಬುತ್ತಿ. ನಮ್ಮ ಕಡಿ ಹೆಣ ಎತ್ತಿದ ಮನ್ಯಾಗ ಒಲಿ ಹಚ್ಚಂಗಿಲ್ಲ, ಮಂದಿ ಬುತ್ತಿ ತರ್ತಾರ. ನಾ ಭಾಳ ತಡಾ ಮಾಡಿದ್ನಿ. ಉಣ್ರಿ." ರೊಟ್ಟಿ ಮುರಿದು ನನ್ನ ಕೈಗಿಟ್ಟಳು. ಉಂಡೆ, ಅಪ್ಪ. ಅಳುತ್ತಲೇ ಉಂಡೆ.

ಉಣ್ಣುವುದನ್ನು ನೋಡುತ್ತ ಕೂತವಳು ಮೆಲ್ಲಗೆ, "ನಿಮ್ಮಪ್ಪಗ ಏನ್ ಸೇರ್ತಿತ್ರಿ?" ಎಂದು ಕೇಳಿದಳು. ಇಷ್ಟು ದಿನದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನು ಹೇಳಿದೆ. ಹುರುಳಿಕಾಳಿನ ಬಸ್ಸಾರು, ಮುದ್ದೆ, ಅದು ಈ ಕಡೆ ಯಾರಿಗೂ ಮಾಡಲು ಬರುವುದಿಲ್ಲವೆಂದು ನೀವು ಗೊಣಗುತ್ತಿದ್ದದ್ದು. ಅಮ್ಮ ಸತ್ತ ದಿನ ನೀವು ತೋಟದ ಬಾವಿಯ ಹಿಂದೆ ಹೋಗಿ ಅತ್ತದ್ದು. ಕೆಂಪು ಮಸಿ, ಕಾಗದ, ಕೊಂಕು. ಕಲ್ಲವ್ವ ನಡುನಡುವೆ ನಕ್ಕಳು, ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನೀಲಕ್ಕ ಬಂದು ಬಾಗಿಲಿಗೆ ಒರಗಿ ನಿಂತರು. ಅಂಗಡಿಯಿಂದ ಬಂದ ಸಾವಕಾರರು ಕೂರಲು ಬೇರೆ ಜಾಗವಿಲ್ಲದೆ ನಮ್ಮ ಮೆಟ್ಟಿಲ ಮೇಲೆಯೇ ಕೂತು, ನಾನು ಹೇಳಿದ್ದರಲ್ಲಿ ಎರಡು ತಪ್ಪು ಹುಡುಕಿ ತಿದ್ದಿದರು. ತಡವಳದ ಕೊನೆಯ ಬಸ್ಸಿನ ಹೊತ್ತಾಗುವತನಕ ನಿಮ್ಮ ಸುದ್ದಿ ಮುಗಿಯಲಿಲ್ಲ.

ಏಳುವಾಗ ಕಲ್ಲವ್ವ ಖಾಲಿ ಬಟ್ಟೆಯನ್ನು ಕೊಡವಿ ಮಡಿಚಿಕೊಂಡು, "ಬರೂ ಗುರುವಾರನೂ ಬರ್ತೀನ್ರಿ" ಎಂದಳು. ನಾನು ಹೆದರಿ ಅವಳ ಮುಖ ನೋಡಿದೆ.

"ದರ್ಶನಕ್ಕಲ್ರಿ ಬಾಯಾರ" ಎಂದಳು. "ನಿಮ್ಮನ್ನ ನೋಡಾಕ."